ವಾಸನೆಯ ಜಾಡು ಹಿಡಿದು: 1966ರ ಬೀಟಲ್‌ಗೆ ಹೊಸ ಪೆಟ್ರೋಲ್ ಟ್ಯಾಂಕ್

ಫುಲ್ ಟ್ಯಾಂಕ್ ಮಾಡಿಸಿದ ಮರುದಿನ ಬೆಳಿಗ್ಗೆ ಕಾರಿನ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ಎರಡು ಮೂರು ದಿನ ಓಡಿಸಿದ ಮೇಲೆ ತಾನಾಗಿಯೇ ಮಾಯ. ಮತ್ತೆ ತುಂಬಿಸಿದರೆ ಮತ್ತೆ ವಾಸನೆ. ಎರಡು ತಿಂಗಳು ಹೀಗೇ ನಡೆಯಿತು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಹಳೇ ಕಾರು ಅಲ್ವಾ, ಸ್ವಲ್ಪ ವಾಸನೆ ಇದ್ದೇ ಇರುತ್ತೆ." ನಾನೂ ಅದನ್ನೇ ನಂಬಿದ್ದೆ. ಈಗ ನಂಬುವುದಿಲ್ಲ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಎಲ್ಲೋ ಪೆಟ್ರೋಲ್ ಹೊರಗೆ ಬರುತ್ತಿದೆ ಅಂತಲೇ ಅರ್ಥ. ಕಾರಿನ ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ.

ನನ್ನದು 1966ರ ಫೋಕ್ಸ್‌ವ್ಯಾಗನ್ ಬೀಟಲ್. ಇಂಜಿನ್ ಹಿಂದೆ, ಟ್ಯಾಂಕ್ ಮುಂದೆ. ಬಾನೆಟ್ ಎತ್ತಿದರೆ ಮೂತಿಯಲ್ಲಿ ಸ್ಟೆಪ್ನಿ, ಅದರ ಹಿಂದೆ ಅಗಲಕ್ಕೆ ಹರಡಿಕೊಂಡ ಚಪ್ಪಟೆ ಟ್ಯಾಂಕು. ಪೆಟ್ರೋಲ್ ತುಂಬಿಸುವುದೂ ಬಾನೆಟ್ ಎತ್ತಿಯೇ. ಹೊರಗಿನಿಂದಲೇ ತುಂಬಿಸುವ ಮುಚ್ಚಳ ಬಂದಿದ್ದು 1968ರ ಮಾದರಿಯಿಂದ. ಈ ಟ್ಯಾಂಕಿಗೆ ಸುಮಾರು 40 ಲೀಟರ್ ಹಿಡಿಯುತ್ತದೆ. ಓಡಿಸುವವರ ಪಾದದ ಮುಂದೆಯೇ, ಒಂದು ತಗಡಿನ ಆಚೆ ಅಷ್ಟು ಪೆಟ್ರೋಲ್ ಇರುತ್ತದೆ. ಹಾಗಾಗಿ ಅಲ್ಲಿ ಒಂದು ಹನಿ ಒಸರಿದರೂ ವಾಸನೆ ನೇರ ಒಳಗೆ.

ಮೊದಲು ಅನುಮಾನ ಪಟ್ಟಿದ್ದು ಹಿಂದಿನ ಕಾರ್ಬುರೇಟರ್ ಮೇಲೆ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನಿಗೆ ಕೊಡುವ ಭಾಗದ ಮೇಲೆ. ಅಲ್ಲಿ ಎಲ್ಲ ಒಣಗಿತ್ತು. ಆಮೇಲೆ ತುಂಬುವ ಬಾಯಿಯ ಮುಚ್ಚಳದ ರಬ್ಬರ್ ಬದಲಾಯಿಸಿದೆ. ಏನೂ ವ್ಯತ್ಯಾಸ ಆಗಲಿಲ್ಲ. ನಿಜವಾದ ಸುಳಿವು ಮೊದಲಿನಿಂದಲೂ ಕಣ್ಣೆದುರೇ ಇತ್ತು: ಟ್ಯಾಂಕ್ ತುಂಬಿದ್ದಾಗ ಮಾತ್ರ ವಾಸನೆ, ಅರ್ಧಕ್ಕಿಳಿದರೆ ಇಲ್ಲ. ಅಂದರೆ ತೂತು ತಳದಲ್ಲಿಲ್ಲ, ನಡುಮಟ್ಟದಲ್ಲಿದೆ. ಈ ಟ್ಯಾಂಕನ್ನು ಮಾಡುವುದು ತಗಡಿನ ಎರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಕೂರಿಸಿ, ಅಂಚಿನ ಸುತ್ತ ಬೆಸೆದು. ಆ ಅಂಚೇ ಕಾರಿನ ಬಾಡಿಯ ಮೇಲೆ ಕೂರುತ್ತದೆ. ಟಾರ್ಚ್ ಹಿಡಿದು ಕಾರಿನ ಕೆಳಗೆ ತೂರಿ ನೋಡಿದೆ. ಎಡಗಡೆ ಅಂಚಿನಿಂದ ಕೆಳಕ್ಕೆ ಬೆರಳಗಲದ ಕಂದು ಗೆರೆ, ಜೇನು ಸುರಿದು ಒಣಗಿದ ಹಾಗೆ. ಪೆಟ್ರೋಲ್ ಆರಿದ ಮೇಲೆ ಉಳಿಯುವ ಅಂಟು ಅದು. ಉಗುರಿನಿಂದ ಕೆರೆದರೆ ಚೂರು ಚೂರಾಗಿ ಎದ್ದು ಬಂತು. ಮೇಲಿನ ಚೂರುಗಳು ಗಟ್ಟಿ, ಒಳಗಿನವು ಮೆತ್ತಗೆ. ಬಹಳ ದಿನದಿಂದ ಸೋರುತ್ತಿದೆ, ಈಗಲೂ ನಿಂತಿಲ್ಲ.

ಕೆಲಸಕ್ಕೆ ಕೈ ಹಾಕುವ ಮೊದಲು ಬೆಂಕಿಯ ವಿಚಾರ. ಇಲ್ಲಿ ನಾನು ಆತುರ ಮಾಡುವವನಲ್ಲ. ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹಾರಿ ಹೋಗುವುದಿಲ್ಲ, ನೆಲದ ಮೇಲೆ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ ಒಂದೂವರೆಯಿಂದ ಏಳೂವರೆಯಷ್ಟು ಆವಿ ಬೆರೆತರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಜಾಸ್ತಿ ಅಪಾಯ ಅನ್ನುವುದು ಇದೇ ಕಾರಣಕ್ಕೆ. ತುಂಬಿದ್ದರಲ್ಲಿ ಗಾಳಿಗೆ ಜಾಗ ಕಡಿಮೆ, ಖಾಲಿಯಾದದ್ದರಲ್ಲಿ ಗಾಳಿಯೂ ಆವಿಯೂ ಹದವಾಗಿ ಕೂಡಿರುತ್ತವೆ.

ಅದಕ್ಕೆ ಕಾರನ್ನು ಶೆಡ್ಡಿನಿಂದ ಬಯಲಿಗೆ ತಳ್ಳಿದೆವು. ಗುಂಡಿ ಇರುವ ಕಡೆ ಈ ಕೆಲಸ ಬೇಡವೇ ಬೇಡ. ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ, ಅದರ ವೈರನ್ನು ಟ್ಯಾಂಕಿನ ಮುಚ್ಚಳ ಮುಟ್ಟುವ ಮೊದಲೇ ಕಳಚಿದೆ. ಪೌಡರ್ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಟ್ಟೆ. ಕೈಗೆ ನೈಟ್ರೈಲ್ ಗ್ಲೌಸ್. ಮಾಮೂಲಿ ರಬ್ಬರ್ ಗ್ಲೌಸ್ ಪೆಟ್ರೋಲಿಗೆ ಉಬ್ಬಿ ಹರಿದುಹೋಗುತ್ತದೆ. ನನ್ನ ತಮ್ಮ ಜೊತೆಗಿದ್ದ. ಅವನ ಫೋನನ್ನೂ ನನ್ನ ಫೋನನ್ನೂ ಮನೆಯೊಳಗೆ ಇಟ್ಟು ಬಂದೆವು. ಬೇಕಾದ ಫೋಟೊಗಳನ್ನು ಹಿಂದಿನ ದಿನವೇ ತೆಗೆದಿಟ್ಟಿದ್ದೆ.

ಪೆಟ್ರೋಲ್ ತೆಗೆದದ್ದು ಕೈಯಲ್ಲಿ ಒತ್ತುವ ಪಂಪಿನಿಂದ. ಬಾಯಲ್ಲಿ ಎಳೆಯುವ ಅಭ್ಯಾಸ ಇದ್ದವರು ಇವತ್ತೇ ಬಿಡಿ. ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ಕ್ಯಾನನ್ನು ನೆಲದ ಮೇಲೇ ಇಟ್ಟು ತುಂಬಿಸಬೇಕು. ಸ್ಟಾಟಿಕ್ ಕರೆಂಟಿನ ಕಿಡಿ ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೂ ಬೆಂಕಿ ಹೊತ್ತಿಸಬಲ್ಲದು. ಹನ್ನೆರಡು ಲೀಟರ್ ಬಂತು. ತಳದಲ್ಲಿ ಉಳಿದದ್ದನ್ನು ಕೆಳಗಿನ ಹೋಸ್ ಕಳಚಿ ಗಾಜಿನ ಭರಣಿಗೆ ಇಳಿಸಿದೆ. ಆ ಹೋಸನ್ನು ಬೆರಳಲ್ಲಿ ಬಗ್ಗಿಸಿದ್ದೇ ತಡ, ಹೊರಗಿನ ಬಟ್ಟೆಯ ಹೆಣಿಗೆ ಪುಡಿಯಾಗಿ ಉದುರಿತು. ಒಳಗಿನ ರಬ್ಬರ್ ತುಂಬ ಬಿರುಕು.

ಭರಣಿಗೆ ಮುಚ್ಚಳ ಹಾಕಿ ನೆರಳಲ್ಲಿ ಇಟ್ಟಿದ್ದೆ. ಮರುದಿನ ನೋಡಿದರೆ ಮೂರು ಪದರ. ಮೇಲೆ ಚಹಾ ಬಣ್ಣದ ಪೆಟ್ರೋಲ್. ಅದರ ಕೆಳಗೆ ಗೆರೆ ಎಳೆದ ಹಾಗೆ ಎರಡು ಬೆರಳಷ್ಟು ನೀರು. ಅದಕ್ಕೂ ಕೆಳಗೆ, ಭರಣಿಯ ತಳದಲ್ಲಿ, ಇಟ್ಟಿಗೆ ಪುಡಿಯಂಥ ತುಕ್ಕು. ಭರಣಿ ಅಲ್ಲಾಡಿಸಿದರೆ ಪುಡಿ ಎದ್ದು ನೀರನ್ನೆಲ್ಲ ಕೆಂಪು ಮಾಡುತ್ತದೆ, ಆದರೆ ಗೆರೆ ದಾಟಿ ಮೇಲಕ್ಕೆ ಹೋಗುವುದಿಲ್ಲ. ಟ್ಯಾಂಕಿನ ಒಳಗೆ ವರ್ಷಗಟ್ಟಲೆ ನಡೆದದ್ದು ಇದೇ. ಅರ್ಧ ಖಾಲಿ ಟ್ಯಾಂಕಿನಲ್ಲಿರುವ ಗಾಳಿ ರಾತ್ರಿ ತಣ್ಣಗಾದಾಗ ಅದರ ತೇವ ಗೋಡೆಗೆ ಹನಿಯಾಗಿ ಕೂರುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಜಾರಿ ತಳ ಸೇರುತ್ತದೆ. ಎಥೆನಾಲ್ ಬೆರೆಸಿದ ಪೆಟ್ರೋಲ್ ಆದರೆ ಸ್ವಲ್ಪ ನೀರನ್ನು ತನ್ನಲ್ಲೇ ಹೀರಿಕೊಂಡಿರುತ್ತದೆ. ಮಿತಿ ಮೀರಿದಾಗ ನೀರು, ಎಥೆನಾಲ್ ಎರಡೂ ಒಟ್ಟಿಗೆ ಕೆಳಗಿಳಿಯುತ್ತವೆ. ತಿಂಗಳುಗಟ್ಟಲೆ ನಿಲ್ಲುವ ಹಳೇ ಕಾರುಗಳಿಗೆ ಇದು ಜಾಸ್ತಿ ತೊಂದರೆ.

ಟ್ಯಾಂಕ್ ಬಿಚ್ಚುವುದು ಸುಲಭದ ಕೆಲಸವೇ. ಸ್ಟೆಪ್ನಿ ತೆಗೆದೆ, ಮೇಲಿನ ರಟ್ಟಿನ ಹೊದಿಕೆ ತೆಗೆದೆ. ಈ ವರ್ಷದ ಬೀಟಲ್‌ಗಳಲ್ಲಿ ಪೆಟ್ರೋಲ್ ಮುಳ್ಳು ಕರೆಂಟಿನದ್ದಲ್ಲ. ಟ್ಯಾಂಕಿನೊಳಗೆ ತೇಲುವ ಬುರುಡೆ ಏರಿಳಿದಂತೆ, ಸೈಕಲ್ ಬ್ರೇಕಿನ ತಂತಿಯಂಥ ಒಂದು ತಂತಿ ಡ್ಯಾಶ್‌ಬೋರ್ಡಿನ ಮುಳ್ಳನ್ನು ಎಳೆಯುತ್ತದೆ. 1962ರ ಮಾದರಿಯಿಂದ 1967ರವರೆಗೆ ಹೀಗೇ ಇತ್ತು. ಆ ತಂತಿಯ ಕೊಂಡಿಯನ್ನು ಮಡಿಸದೆ, ಎಳೆಯದೆ ನಿಧಾನವಾಗಿ ಕಳಚಬೇಕು. ತುಂಬುವ ಬಾಯಿಯ ಪಕ್ಕದ ಗಾಳಿ ಪೈಪನ್ನೂ ಬಿಡಿಸಿದೆ. ಊದಿ ನೋಡಿದರೆ ಅದು ಮುಕ್ಕಾಲು ಕಟ್ಟಿಕೊಂಡಿತ್ತು. ಟ್ಯಾಂಕಿಗೆ ಗಾಳಿ ಹೋಗದಿದ್ದರೆ ಒಳಗೆ ನಿರ್ವಾತ ಆಗಿ ಪಂಪಿಗೆ ಪೆಟ್ರೋಲ್ ಎಳೆಯಲು ಆಗುವುದಿಲ್ಲ. ಉದ್ದದ ಏರಿನಲ್ಲಿ ಕಾರು ಮುಗ್ಗರಿಸುತ್ತಿದ್ದದ್ದು ಯಾಕೆ ಅಂತ ಆಗ ಹೊಳೆಯಿತು.

ಟ್ಯಾಂಕನ್ನು ಹಿಡಿದಿರುವುದು ನಾಲ್ಕೇ ಬೋಲ್ಟು. ಒಂದೊಂದರ ಕೆಳಗೂ ಅಂಚನ್ನು ಅದುಮಿ ಹಿಡಿಯುವ ಸಣ್ಣ ಪಟ್ಟಿ. ಎರಡು ರಾತ್ರಿ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದೆ. ಮೂರು ಬಂದವು. ಎಡಗಡೆ ಹಿಂದಿನದು ಸ್ಪ್ಯಾನರಿಗೆ ಸ್ವಲ್ಪ ತಿರುಗಿ, ಆಮೇಲೆ ಬೆಣ್ಣೆಯ ಹಾಗೆ ಮೆತ್ತಗಾಗಿ, ತಲೆ ಕೈಗೇ ಬಂತು. ತುಕ್ಕು ಹಿಡಿದ ಬೋಲ್ಟ್ ಸಲೀಸಾಗಿ ತಿರುಗತೊಡಗಿದರೆ ಅಲ್ಲೇ ನಿಲ್ಲಿಸಿ, ಹಿಂದಕ್ಕೆ ಕಾಲು ಸುತ್ತು ತಿರುಗಿಸಿ, ಎಣ್ಣೆ ಬಿಟ್ಟು ಕಾಯಬೇಕು. ನಾನು ಕಾಯಲಿಲ್ಲ. ಆ ಹೊತ್ತಿಗೆ ಡ್ರಿಲ್, ಗ್ರೈಂಡರ್, ಗ್ಯಾಸ್ ಯಾವುದನ್ನೂ ಹತ್ತಿರ ತರುವ ಹಾಗಿಲ್ಲ, ಪಕ್ಕದಲ್ಲೇ ತೆರೆದ ಟ್ಯಾಂಕು. ತಲೆ ಹೋದ ಮೇಲೆ ಪಟ್ಟಿ ಹೇಗೂ ಸಡಿಲವಾಯಿತಲ್ಲ, ತಮ್ಮ ಒಂದು ಕಡೆ ನಾನು ಒಂದು ಕಡೆ ಹಿಡಿದು ಟ್ಯಾಂಕನ್ನು ಮೇಲಕ್ಕೆತ್ತಿ ದೂರ ಒಯ್ದೆವು.

ಉಳಿದ ಬೋಲ್ಟಿನ ತುಂಡು ಆರೇಳು ಮಿಲಿಮೀಟರ್ ಮೇಲೆ ಎದ್ದಿತ್ತು. ಅರದಿಂದ ಅದರ ಎರಡು ಪಕ್ಕ ಉಜ್ಜಿ ಚಪ್ಪಟೆ ಮಾಡಿದೆ. ವೈಸ್ ಗ್ರಿಪ್ ಇಕ್ಕಳ ಕಚ್ಚಿಸಿ ಹಿಂದೆ ಮುಂದೆ, ಹಿಂದೆ ಮುಂದೆ, ಕೂದಲೆಳೆಯಷ್ಟು ಆಡಿಸುತ್ತಾ ಎಣ್ಣೆ ಬಿಟ್ಟೆ. ಅರ್ಧ ಗಂಟೆ ಹಿಡಿಯಿತು. ಮೊದಲು ಕಿರ್ರೆಂದು ಸದ್ದು, ಆಮೇಲೆ ಕೆಂಪು ಎಣ್ಣೆ ಮೇಲೆ ಬಂತು, ಕೊನೆಗೆ ತುಂಡು. ತಿರುಪು ಕೊರೆಯುವ ಎಂಟು ಮಿಲಿಮೀಟರ್ ಟ್ಯಾಪ್ ಹಾಕಿ ನಾಲ್ಕೂ ತೂತುಗಳ ತಿರುಪಿನ ಗೆರೆ ಶುದ್ಧ ಮಾಡಿದೆ.

ಹಳೇ ಟ್ಯಾಂಕನ್ನು ಬಯಲಲ್ಲಿ ಇಟ್ಟು, ಸೋಪಿನ ನೀರಿನಿಂದ ಹಲವು ಸಲ ತೊಳೆದು, ಕೆಳಗಿನ ಪೈಪಿಗೆ ಬೂಚು ಬಡಿದು ಬಾಯಿಮಟ್ಟ ನೀರು ತುಂಬಿಸಿದೆ. ತೂತು ಹುಡುಕಲು ಇದಕ್ಕಿಂತ ಸುರಕ್ಷಿತ ದಾರಿ ನನಗೆ ಗೊತ್ತಿಲ್ಲ. ಹೊರಗೆ ಒರೆಸಿ ಸೀಮೆಸುಣ್ಣದ ಪುಡಿ ಸವರಿ ಕೂತು ನೋಡಿದೆವು. ಐದು ನಿಮಿಷದಲ್ಲಿ ಬೆಸುಗೆಯ ಕೆಳಗೆ ಒಂದು ಕಪ್ಪು ಚುಕ್ಕೆ. ಅದು ಸಾಸಿವೆ ಕಾಳಿನಷ್ಟಾಗಿ, ಬೆವರಿನ ಹನಿಯಂತೆ ಉಬ್ಬಿ, ಜಾರಿತು. ಪಕ್ಕದಲ್ಲೇ ಇನ್ನೆರಡು. ಮೂರೂ ಒಂದು ಅಂಗೈ ಅಗಲದೊಳಗೆ. ಕಾರಣವೂ ಸಿಕ್ಕಿತು: ಅಂಚಿಗೂ ಬಾಡಿಗೂ ನಡುವೆ ಹಾಕಿದ್ದ ಹಳೇ ಪಟ್ಟಿ ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಂಡಿತ್ತು. ತಗಡು ಒಳಗಿನಿಂದಲೂ ತುಕ್ಕು, ಹೊರಗಿನಿಂದಲೂ ತುಕ್ಕು.

ಟ್ಯಾಂಕನ್ನು ಉಳಿಸಬಹುದಿತ್ತಾ? ಯೋಚಿಸಿದೆ. ಆಸಿಡ್ ಹಾಕಿ ತುಕ್ಕು ಕಳೆದು, ಒಳಗೆ ಸೀಲರ್ ಸುರಿದು ಎಲ್ಲ ಕಡೆ ಓಡಾಡಿಸಿ ಒಣಗಿಸುವ ಪದ್ಧತಿ ಇದೆ. ಟ್ಯಾಂಕ್ ಗಟ್ಟಿಯಾಗಿದ್ದು ಒಳಗೆ ಮಾತ್ರ ತುಕ್ಕಿದ್ದರೆ ಅದು ಒಳ್ಳೆಯದೇ. ಆದರೆ ತಗಡೇ ತೆಳುವಾಗಿದ್ದರೆ ಸೀಲರ್ ಕೆಲಸ ಬರೀ ತೂತು ಮುಚ್ಚುವುದು. ಒಳಗೆ ತುಕ್ಕಿನ ಒಂದು ಚೂರು ಉಳಿದರೂ ಅದರ ಮೇಲಿನ ಸೀಲರ್ ಮುಂದೊಂದು ದಿನ ಹಾಳೆಯಂತೆ ಎದ್ದು ಪೈಪಿನ ಬಾಯಿಗೆ ಕೂರುತ್ತದೆ. ನಾನು ಸ್ಕ್ರೂಡ್ರೈವರಿನ ಹಿಡಿಯಿಂದ ಸುತ್ತ ತಟ್ಟಿ ನೋಡಿದೆ. ಗಟ್ಟಿ ಇದ್ದಲ್ಲಿ ಟಣ್ ಅಂತಿತ್ತು, ಎಡ ಅಂಚಿನ ಉದ್ದಕ್ಕೂ ತೊಪ್ ತೊಪ್. ಹೊಸದೇ ಇರಲಿ ಅಂತ ತೀರ್ಮಾನಿಸಿದೆ. ಬೆಸುಗೆ ಹಾಕಿಸೋಣ ಅಂತ ಹೇಳಿದವರೂ ಇದ್ದರು. ಪೆಟ್ರೋಲ್ ಟ್ಯಾಂಕಿನ ಬೆಸುಗೆ ಅದನ್ನೇ ಕಸುಬು ಮಾಡಿಕೊಂಡವರ ಕೆಲಸ. ಎಷ್ಟು ತೊಳೆದರೂ ಬೆಸುಗೆಯ ಸಂದಿಯಲ್ಲಿ ಉಳಿದ ಪೆಟ್ರೋಲ್ ಬಿಸಿ ತಾಗಿದಾಗ ಆವಿಯಾಗಿ ಹೊರಬರುತ್ತದೆ.

ಹೊಸ ಟ್ಯಾಂಕ್ ಕೊಳ್ಳುವಾಗ ಕಾರಿನ ವರ್ಷ ಸರಿಯಾಗಿ ಹೇಳಬೇಕು. ನೋಡಲು ಒಂದೇ ಥರ ಇದ್ದರೂ ತುಂಬುವ ಬಾಯಿ, ಮುಚ್ಚಳದ ಅಳತೆ, ಬುರುಡೆ ಕೂರುವ ತೂತು ವರ್ಷದಿಂದ ವರ್ಷಕ್ಕೆ ಬೇರೆ. ಬಂದ ಕೂಡಲೇ ನಾನು ಮಾಡಿದ್ದು ಬಣ್ಣ ಹಚ್ಚುವುದಲ್ಲ, ಹಾಗೇ ಬರಿದಾಗಿ ಕಾರಿನಲ್ಲಿ ಕೂರಿಸಿ ನೋಡುವುದು. ಹಳೇದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ದಾರದಿಂದ ಅಳೆದೆ. ಕೆಳಗಿನ ಪೈಪು ಸ್ವಲ್ಪ ಓರೆ ಇತ್ತು, ಹೋಸಿಗೆ ತೊಂದರೆಯಿಲ್ಲ. ಒಂದು ಮೂಲೆಯಲ್ಲಿ ಅಂಚು ಬಾಡಿಗೆ ತಾಗುತ್ತಿತ್ತು, ಅಲ್ಲಿ ಅರದಿಂದ ಎರಡು ಮಿಲಿಮೀಟರ್ ಉಜ್ಜಿದೆ. ಇದನ್ನು ಬಣ್ಣ ಹಚ್ಚಿದ ಮೇಲೆ ಮಾಡಬೇಕಾಗಿ ಬಂದಿದ್ದರೆ ಎಷ್ಟು ಬೇಜಾರಾಗುತ್ತಿತ್ತು!

ಆಮೇಲೆ ಸೋರಿಕೆ ಪರೀಕ್ಷೆ. ಹೊಸದು ಅಂದ ಮಾತ್ರಕ್ಕೆ ನಂಬಬೇಕಿಲ್ಲ. ಎಲ್ಲ ಬಾಯಿ ಮುಚ್ಚಿ, ಕೆಳಗಿನ ಪೈಪಿಗೆ ಹೋಸ್ ಹಾಕಿ ಬಾಯಿಂದಲೇ ಊದಿ ಕ್ಲಿಪ್ ಬಿಗಿದೆ. ಬೆಸುಗೆಗೆಲ್ಲ ಸೋಪಿನ ನೊರೆ ಸವರಿದೆ. ಗುಳ್ಳೆ ಬರಲಿಲ್ಲ. ಇದಕ್ಕೆ ಕಂಪ್ರೆಸರ್ ಹಚ್ಚಬೇಡಿ. ಒತ್ತಡಕ್ಕೆ ಮಾಡಿದ ಪಾತ್ರೆ ಅಲ್ಲ ಅದು, ಉಬ್ಬಿ ಬೆಸುಗೆಯೇ ಬಿಡಬಹುದು. ಒಳಗೆ ಕಾರ್ಖಾನೆಯ ಎಣ್ಣೆಯ ಪಸೆ, ಲೋಹದ ಸಣ್ಣ ಸಿಪ್ಪೆ ಇದ್ದವು. ಎರಡು ಲೀಟರ್ ಸೀಮೆಎಣ್ಣೆ ಹಾಕಿ ಇಬ್ಬರೂ ತೊಟ್ಟಿಲಿನಂತೆ ತೂಗಿ ಚೆಲ್ಲಿದೆವು, ಮೂರು ಸಲ. ಮೂರನೇ ಸಲ ಬಿಳಿ ಬಟ್ಟೆಯಲ್ಲಿ ಸೋಸಿದರೆ ಏನೂ ಇರಲಿಲ್ಲ. ಹೊರಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಕೋಟ್ ಕಪ್ಪು ಬಣ್ಣ. ಒಳಗೆ ಏನೂ ಹಚ್ಚಲಿಲ್ಲ. ಕರೆಂಟಿನ ಮುಳ್ಳು ಇರುವ ಕಾರಾದರೆ ಬಣ್ಣ ಹಚ್ಚುವಾಗ ಅರ್ಥಿಂಗ್ ಜಾಗ ಬಿಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಮುಳ್ಳು ಕೆಲಸ ಮಾಡುವುದಿಲ್ಲ.

ಬಣ್ಣ ಒಣಗುವವರೆಗೆ ಬಾಡಿಯ ಕೆಲಸ. ಟ್ಯಾಂಕ್ ಕೂರುವ ಕಟ್ಟೆಯಲ್ಲೂ ತುಕ್ಕಿತ್ತು, ಪುಣ್ಯಕ್ಕೆ ಆಳಕ್ಕಿಳಿದಿರಲಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ, ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ದ್ರಾವಣ ಹಚ್ಚಿದೆ. ಕೆಂಪು ತುಕ್ಕು ಒಂದು ಗಂಟೆಯಲ್ಲಿ ಕಪ್ಪಾಯಿತು. ಅದರ ಮೇಲೆ ಪ್ರೈಮರ್, ಬಣ್ಣ. ಹಳೇ ಪಟ್ಟಿಯ ಬದಲು ನೀರು ಹೀರದ ಫೋಮ್ ಪಟ್ಟಿ ಅಂಟಿಸಿದೆ. ಟ್ಯಾಂಕ್ ಇಲ್ಲದಾಗ ಸ್ಟೀರಿಂಗ್ ಬಾಕ್ಸು, ಸ್ಟೀರಿಂಗ್ ಕಂಬಿಯನ್ನು ಜೋಡಿಸುವ ರಬ್ಬರ್ ಬಿಲ್ಲೆ ಎರಡೂ ಸಲೀಸಾಗಿ ಕೈಗೆ ಸಿಗುತ್ತವೆ. ಬಿಲ್ಲೆ ಬಿರುಕು ಬಿಟ್ಟಿತ್ತು, ಅದನ್ನೂ ಬದಲಾಯಿಸಿದೆ. ಮತ್ತೆ ಇಷ್ಟು ಜಾಗ ಸಿಗುವುದು ಯಾವಾಗಲೋ.

ಇನ್ನು ಪೈಪು. ಎಷ್ಟೋ ಜನ ಟ್ಯಾಂಕ್ ಮಾತ್ರ ಬದಲಾಯಿಸಿ ನಿಲ್ಲಿಸುತ್ತಾರೆ. ಆದರೆ ಹಳೇ ಟ್ಯಾಂಕಿನ ತುಕ್ಕು ಆಗಲೇ ಕಾರ್ಬುರೇಟರ್‌ವರೆಗೆ ಪ್ರಯಾಣ ಮಾಡಿರುತ್ತದೆ. ಬೀಟಲ್‌ನಲ್ಲಿ ಕಬ್ಬಿಣದ ಸಣ್ಣ ಪೈಪು ಕಾರಿನ ನಡುವಿನ ಸುರಂಗದೊಳಗೆ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಎರಡೂ ತುದಿ ಬಿಚ್ಚಿ, ಸೀಮೆಎಣ್ಣೆ ತುಂಬಿಸಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಊದಿದರೆ ಮೊದಲ ಗುಟುಕು ಕಾಫಿ ಗಸಿಯಂತೆ ಬಂತು. ಐದನೇ ಸಲಕ್ಕೆ ತಿಳಿಯಾಯಿತು. ಪಂಪಿನ ಮೇಲ್ಮುಚ್ಚಳದ ಕೆಳಗಿನ ಜರಡಿಯಲ್ಲಿ ಅದೇ ಕೆಂಪು ಪುಡಿ, ಕಾರ್ಬುರೇಟರಿನ ಬಟ್ಟಲಲ್ಲೂ ಅದೇ. ಪೆಟ್ರೋಲನ್ನು ಅಳೆದು ಬಿಡುವ ಮುಖ್ಯ ಜೆಟ್ಟಿನ ತೂತು ಒಂದೂಕಾಲು ಮಿಲಿಮೀಟರ್ ಆಸುಪಾಸು. ಅದರೊಳಗೆ ಒಂದು ಚೂರು ಸಿಕ್ಕಿಕೊಂಡರೂ ಇಂಜಿನ್ ಉಸಿರುಗಟ್ಟುತ್ತದೆ.

ಹೋಸ್ ಎಲ್ಲ ಹೊಸದು ಹಾಕಿದೆ. ಹೊರಗೆ ಬರೆದಿರುವುದನ್ನು ಓದಿ ಕೊಳ್ಳಿ. ಎಥೆನಾಲ್ ಇರುವ ಪೆಟ್ರೋಲಿಗೆ ಎಸ್‌ಎಇ ಜೆ30 ಆರ್9 ಅಂತ ಗುಣಮಟ್ಟದ ಗುರುತು ಇರುವುದನ್ನೇ ನಾನು ಆರಿಸುವುದು. ಅದರ ಒಳಪದರ ಎಥೆನಾಲಿಗೆ ಮೆತ್ತಗಾಗುವುದಿಲ್ಲ. ಕ್ಲಿಪ್ಪು ಕೂಡ ಅಂಚು ಮಡಚಿದ್ದು, ರಬ್ಬರನ್ನು ಕೊಯ್ಯದಂಥದ್ದು. ಫಿಲ್ಟರನ್ನು ಇಂಜಿನ್ ಪಕ್ಕ ತೂಗಾಡಿಸುವುದು ನನಗೆ ಒಪ್ಪಿಗೆ ಇಲ್ಲ. ಅದರ ಭಾರಕ್ಕೆ ಹೋಸ್ ಅಲ್ಲಾಡಿ ಬಿಚ್ಚಿದರೆ ಪೆಟ್ರೋಲ್ ಬೀಳುವುದು ಬಿಸಿ ಇಂಜಿನ್ ಮೇಲೆ. ಗೇರ್‌ಬಾಕ್ಸ್ ಹತ್ತಿರ, ಪೈಪು ಸುರಂಗದಿಂದ ಹೊರಬರುವ ಕಡೆ ಹಾಕಿದೆ, ಬಾಣದ ಗುರುತು ಇಂಜಿನ್ ಕಡೆಗೆ.

ಟ್ಯಾಂಕ್ ಕೂರಿಸಿ ನಾಲ್ಕೂ ಬೋಲ್ಟನ್ನು ಕೈಯಲ್ಲೇ ಹಿಡಿಸಿ, ಆಮೇಲೆ ಮೂಲೆಗೆ ಮೂಲೆ ಎದುರಾಗಿ ಸ್ವಲ್ಪ ಸ್ವಲ್ಪ ಬಿಗಿದೆ. ಮೊದಲು ಐದೇ ಲೀಟರ್ ಪೆಟ್ರೋಲ್. ಪ್ರತಿ ಜೋಡಣೆಯ ಕೆಳಗೂ ಒಂದೊಂದು ಬಿಳಿ ಕಾಗದ ಇಟ್ಟು ಅರ್ಧ ಗಂಟೆ ಕಾದೆವು. ಮುಂದಿನ ಹೋಸಿನ ಕೆಳಗಿನ ಕಾಗದದಲ್ಲಿ ಒಂದು ವೃತ್ತ. ಕ್ಲಿಪ್ಪು ಪೈಪಿನ ಉಬ್ಬಿನ ಮೇಲೆ ಕೂತಿತ್ತು, ಉಬ್ಬಿನ ಹಿಂದೆ ಕೂರಬೇಕಿತ್ತು. ಸರಿಸಿ ಬಿಗಿದ ಮೇಲೆ ಹೊಸ ಕಾಗದ ಒಣಗಿಯೇ ಉಳಿಯಿತು. ಬ್ಯಾಟರಿ ಜೋಡಿಸಿ, ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆದು, ನಡುವೆ ಬಿಡುವು ಕೊಟ್ಟೆ. ಪೈಪು ಪೂರ್ತಿ ಖಾಲಿ ಇದ್ದದ್ದರಿಂದ ಪಂಪಿಗೆ ಎಳೆಯಲು ಸಮಯ ಬೇಕು. ಆರನೇ ಸಲಕ್ಕೆ ಇಂಜಿನ್ ಹಿಡಿಯಿತು.

ಎರಡನೇ ದಿನ ತಮ್ಮ ಬಾಗಿಲು ತೆಗೆದು ಅಲ್ಲೇ ನಿಂತ. "ಅಣ್ಣಾ, ಇನ್ನೂ ವಾಸನೆ ಇದೆ ನೋಡು." ಎದೆ ಧಸಕ್ಕೆಂದಿತು. ಎಲ್ಲ ಜೋಡಣೆ ಮತ್ತೆ ಮುಟ್ಟಿ ನೋಡಿದೆ, ಎಲ್ಲ ಒಣ. ಆಮೇಲೆ ಬಗ್ಗಿ ನೆಲಹಾಸು ಮೂಸಿದೆ. ಹೊಸ ಪೆಟ್ರೋಲಿನ ವಾಸನೆ ಮೂಗಿಗೆ ಚುರ್ರೆನ್ನುತ್ತದೆ. ಇದು ಹಾಗಿರಲಿಲ್ಲ. ಹಳೇ ಬಣ್ಣದ ಡಬ್ಬಿ ತೆರೆದ ಹಾಗೆ ಸ್ವಲ್ಪ ಸಿಹಿ, ಸ್ವಲ್ಪ ಕಮಟು. ಎರಡು ತಿಂಗಳ ಸೋರಿಕೆಯನ್ನು ನೆಲಹಾಸಿನ ಕೆಳಗಿನ ಉಣ್ಣೆಯ ಪದರ ಹೀರಿಕೊಂಡು ಕೂತಿತ್ತು. ಅದನ್ನು ಕಿತ್ತು ಬಿಸಾಡಿದ ಮೇಲೆ, ಕಿಟಕಿ ತೆರೆದು ನಾಲ್ಕು ದಿನ ಬಿಟ್ಟ ಮೇಲೆ, ಕಾರಿನೊಳಗೆ ಸೀಟಿನ ವಾಸನೆ ಮಾತ್ರ ಉಳಿಯಿತು.

ಉಳಿದದ್ದು ಮುಳ್ಳು. ಬುರುಡೆ ಹೊಸದು, ತಂತಿ ಹಳೇದು, ಹಾಗಾಗಿ ಅದು ತೋರಿಸಿದ್ದನ್ನು ಸುಮ್ನೆ ನಂಬುವ ಹಾಗಿರಲಿಲ್ಲ. ಒಂದು ಮರದ ಪಟ್ಟಿ ತೆಗೆದುಕೊಂಡು ಟ್ಯಾಂಕಿಗೆ ಐದೈದು ಲೀಟರ್ ಸುರಿದಂತೆಲ್ಲ ಅದ್ದಿ, ಒದ್ದೆಯಾದ ಕಡೆ ಚಾಕುವಿನಿಂದ ಗೀರು ಹಾಕಿದೆ. ಟ್ಯಾಂಕ್ ತಳದಲ್ಲಿ ಕಿರಿದು, ಮೇಲೆ ಅಗಲ. ಅದಕ್ಕೇ ಕೆಳಗಿನ ಗೀರುಗಳು ದೂರ ದೂರ, ಮೇಲಿನವು ಹತ್ತಿರ ಹತ್ತಿರ. ಒಟ್ಟು ಎಂಟು ಗೀರು. ಮುಳ್ಳು ಅರ್ಧ ಅಂದಾಗ ಪಟ್ಟಿ ಹದಿನೇಳು ಲೀಟರ್ ಅನ್ನುತ್ತದೆ. ತಂತಿ ಬದಲಾಯಿಸುವವರೆಗೆ ಲೆಕ್ಕ ಪಟ್ಟಿಯದ್ದೇ. ಅದನ್ನು ಸ್ಟೆಪ್ನಿಯ ಪಕ್ಕ ಎರಡು ಕ್ಲಿಪ್ ಹಾಕಿ ಕೂರಿಸಿದ್ದೇನೆ.